ಕ್ರೈಸ್ತ ಆಪ್ತಸಮಾಲೋಚನೆ ಮತ್ತು ಆರೋಗ್ಯ ವಿಮೆ: ಅಮೆರಿಕದ ಅನುಭವ ಕಲಿಸುವುದೇನು?

ಹತ್ತು ಹದಿನೈದು ಮಂದಿ ದುಡಿಯುವ ಘಟಕದಲ್ಲಿ ನುರಿತ ಕೆಲಸಗಾರನೊಬ್ಬನ ಮನಸ್ಸು ಕುಗ್ಗಿದರೆ ಅದರ ಪರಿಣಾಮ ಇಡೀ ಘಟಕಕ್ಕೆ ತಟ್ಟುತ್ತದೆ. ಮೊದಮೊದಲು ಗೈರುಹಾಜರಿ, ಅನಂತರ ಕೆಲಸದಲ್ಲಿ ದೋಷ, ಕೊನೆಗೆ ಸರಬರಾಜಿನಲ್ಲಿ ವಿಳಂಬ. ಮಾಲೀಕನೇ ಸಾಲ ಹಾಗೂ ಚಿಂತೆಯಿಂದ ಬಳಲಿದರಂತೂ ಘಟಕದ ಅಸ್ತಿತ್ವವೇ ಅಲುಗಾಡುತ್ತದೆ. ಇಂತಹ ಸಂದರ್ಭದಲ್ಲಿ ಅನೇಕರು ಮೊದಲು ಹೋಗುವುದು ಮನೋವೈದ್ಯರ ಬಳಿಗಲ್ಲ, ತಾವು ನಂಬಿದ ಧರ್ಮದ ಹಿರಿಯರ ಬಳಿಗೆ. ಅಲ್ಲಿ ದೊರೆಯುವ ಸಾಂತ್ವನದ ಬೆಲೆಯನ್ನು ಯಾರೂ ಅಲ್ಲಗಳೆಯಲಾರರು. ಆದರೆ ಅದು ಶುಲ್ಕ ಪಡೆದು, ವಾರಕ್ಕೊಮ್ಮೆ ಕ್ರಮಬದ್ಧವಾಗಿ ನಡೆಯುವ ಆಪ್ತಸಮಾಲೋಚನೆಯಾದಾಗ, ಅದರ ವೆಚ್ಚವನ್ನು ಆರೋಗ್ಯ ವಿಮೆ ಭರಿಸಬೇಕೇ ಎಂಬ ಪ್ರಶ್ನೆ ಏಳುತ್ತದೆ.

ಈ ಪ್ರಶ್ನೆಯನ್ನು ದೀರ್ಘಕಾಲದಿಂದ ಎದುರಿಸುತ್ತಾ ಬಂದಿರುವ ದೇಶ ಅಮೆರಿಕ. ಅಲ್ಲಿ ‘ಕ್ರಿಶ್ಚಿಯನ್ ಕೌನ್ಸೆಲಿಂಗ್’ ಎಂಬುದು ಬೇರೂರಿದ ಒಂದು ವೃತ್ತಿ. ಆರೋಗ್ಯ ವಿಮೆಯೂ ಬಹುಮಟ್ಟಿಗೆ ಉದ್ಯೋಗದಾತರ ಮೂಲಕವೇ ದೊರೆಯುವುದರಿಂದ, ಈ ಎರಡೂ ಸಂಧಿಸುವ ಸ್ಥಳ ಮಾಲೀಕನ ಮೇಜು. ಅಲ್ಲಿನ ಅನುಭವದ ಸಾರವನ್ನು ಒಂದೇ ಮಾತಿನಲ್ಲಿ ಹೇಳುವುದಾದರೆ, ವಿಮಾ ಕಂಪನಿಯು ಸಮಾಲೋಚಕನ ಧರ್ಮವನ್ನು ಕೇಳುವುದಿಲ್ಲ, ಅವನ ಪರವಾನಗಿಯನ್ನು ಕೇಳುತ್ತದೆ.

ಒಂದೇ ಹೆಸರು, ಮೂರು ಬಗೆ

ಧರ್ಮ ಮತ್ತು ಮನಶ್ಶಾಸ್ತ್ರಗಳನ್ನು ಜೊತೆಗೂಡಿಸುವ ಪ್ರಯತ್ನ ಅಮೆರಿಕದಲ್ಲಿ ಹಳೆಯದು. 1937ರಲ್ಲಿ ನ್ಯೂಯಾರ್ಕಿನ ಮಾರ್ಬಲ್ ಕಾಲೇಜಿಯೇಟ್ ಚರ್ಚಿನ ಪಾಸ್ಟರ್ ನಾರ್ಮನ್ ವಿನ್ಸೆಂಟ್ ಪೀಲ್ ಹಾಗೂ ಮನೋವೈದ್ಯ ಸ್ಮೈಲಿ ಬ್ಲಾಂಟನ್ ಸೇರಿ ಚರ್ಚಿನಲ್ಲಿಯೇ ಒಂದು ಚಿಕಿತ್ಸಾಲಯವನ್ನು ಆರಂಭಿಸಿದರು. 1963ರಲ್ಲಿ ಪಾಸ್ಟರಲ್ ಸಮಾಲೋಚಕರ ರಾಷ್ಟ್ರಮಟ್ಟದ ಸಂಘವೊಂದು ಸ್ಥಾಪನೆಯಾಯಿತು. 1970ರಲ್ಲಿ ಜೇ ಆಡಮ್ಸ್ ಎಂಬ ಧರ್ಮಶಾಸ್ತ್ರಜ್ಞರು ತಮ್ಮ ‘ಕಾಂಪಿಟೆಂಟ್ ಟು ಕೌನ್ಸೆಲ್’ ಗ್ರಂಥದಲ್ಲಿ ಇದಕ್ಕೆ ತದ್ವಿರುದ್ಧವಾದ ನಿಲುವನ್ನು ತಳೆದರು. ಮನುಷ್ಯನ ಅಂತರಂಗದ ಸಂಕಟಗಳಿಗೆ ಪರಿಹಾರ ಬೈಬಲಿನಲ್ಲಿದೆ, ಅದಕ್ಕೆ ಲೌಕಿಕ ಮನಶ್ಶಾಸ್ತ್ರದ ಆಸರೆ ಬೇಕಿಲ್ಲ ಎಂಬುದು ಅವರ ವಾದದ ತಿರುಳು. 1986ರಲ್ಲಿ ಸ್ಥಾಪನೆಯಾದ ಅಮೆರಿಕನ್ ಅಸೋಸಿಯೇಷನ್ ಆಫ್ ಕ್ರಿಶ್ಚಿಯನ್ ಕೌನ್ಸೆಲರ್ಸ್ ಸಂಸ್ಥೆಯು ವೃತ್ತಿಪರರು, ಪಾಸ್ಟರುಗಳು ಹಾಗೂ ಸಾಮಾನ್ಯ ಸೇವಾಕರ್ತರನ್ನು ಒಂದೇ ವೇದಿಕೆಗೆ ತಂದಿತು.

ಈ ಇತಿಹಾಸದ ಫಲವಾಗಿ ‘ಕ್ರೈಸ್ತ ಆಪ್ತಸಮಾಲೋಚಕ’ ಎಂಬ ಒಂದೇ ನಾಮಫಲಕದ ಅಡಿಯಲ್ಲಿ ಮೂರು ಬಗೆಯ ಜನರಿದ್ದಾರೆ. ಮೊದಲನೆಯವರು ತಮ್ಮ ಸಭೆಯ ಸದಸ್ಯರಿಗೆ ಸಲಹೆ ನೀಡುವ ಪಾಸ್ಟರುಗಳು ಹಾಗೂ ಪಾದ್ರಿಗಳು. ಇವರು ಸಾಮಾನ್ಯವಾಗಿ ಶುಲ್ಕ ಪಡೆಯುವುದಿಲ್ಲ. ಎರಡನೆಯವರು ಧಾರ್ಮಿಕ ಸಂಘಗಳ ಪ್ರಮಾಣಪತ್ರ ಹೊಂದಿರುವ ಬೈಬಲ್ ಆಧಾರಿತ ಸಮಾಲೋಚಕರು. ಮೂರನೆಯವರು ವಿಶ್ವವಿದ್ಯಾಲಯದ ಸ್ನಾತಕೋತ್ತರ ಪದವಿ, ಮೇಲ್ವಿಚಾರಣೆಯಲ್ಲಿ ಪಡೆದ ಅನುಭವ ಹಾಗೂ ರಾಜ್ಯ ಸರ್ಕಾರದ ಪರವಾನಗಿ ಹೊಂದಿದ ವೃತ್ತಿಪರರು. ಇವರು ರೋಗಿಯ ಇಚ್ಛೆಯಂತೆ ಚಿಕಿತ್ಸೆಯಲ್ಲಿ ಪ್ರಾರ್ಥನೆಗೂ ನಂಬಿಕೆಗೂ ಸ್ಥಾನ ನೀಡುತ್ತಾರೆ. ವಿಮೆಯ ದೃಷ್ಟಿಯಿಂದ ಮೂರನೆಯ ವರ್ಗದವರಿಗೆ ಮಾತ್ರ ಬಾಗಿಲು ತೆರೆದಿದೆ. ಕೆಂಟಕಿ, ಮೇಯ್ನ್, ನ್ಯೂ ಹ್ಯಾಂಪ್‌ಶೈರ್ ಮೊದಲಾದ ಕೆಲವೇ ರಾಜ್ಯಗಳು ಪಾಸ್ಟರಲ್ ಸಮಾಲೋಚಕರಿಗೆಂದೇ ಪ್ರತ್ಯೇಕ ಪರವಾನಗಿಯ ವ್ಯವಸ್ಥೆ ಮಾಡಿಕೊಂಡಿವೆ.

ವಿಮಾ ಕಂಪನಿಯ ಪ್ರಶ್ನೆಗಳು

ಕ್ಲೇಮು ಅರ್ಜಿ ಬಂದಾಗ ವಿಮಾ ಕಂಪನಿಯು ಮುಖ್ಯವಾಗಿ ನಾಲ್ಕು ಅಂಶಗಳನ್ನು ಪರಿಶೀಲಿಸುತ್ತದೆ. ಚಿಕಿತ್ಸೆ ನೀಡಿದವರಿಗೆ ಆ ರಾಜ್ಯದ ಪರವಾನಗಿ ಇದೆಯೇ? ಅವರು ಕಂಪನಿಯ ಒಪ್ಪಂದದ ಜಾಲದಲ್ಲಿದ್ದಾರೆಯೇ? ಮಾನ್ಯತೆ ಪಡೆದ ರೋಗನಿರ್ಣಯ ದಾಖಲಾಗಿದೆಯೇ? ಚಿಕಿತ್ಸೆಯು ವೈದ್ಯಕೀಯವಾಗಿ ಅಗತ್ಯವಾಗಿತ್ತೇ?

ವ್ಯಾಪಾರಿಯ ಬಿಲ್ಲಿನಲ್ಲಿ ಸರಕಿನ ಸಂಕೇತ ಸಂಖ್ಯೆ ಇರುವಂತೆ, ಈ ಕ್ಲೇಮಿನಲ್ಲಿಯೂ ಎರಡು ಸಂಕೇತಗಳಿರಬೇಕು. ಒಂದು ಸೇವೆಯದು, ಇನ್ನೊಂದು ರೋಗದ್ದು. 45 ನಿಮಿಷಗಳ ಮನೋಚಿಕಿತ್ಸೆಗೆ 90834, 60 ನಿಮಿಷಗಳದ್ದಕ್ಕೆ 90837 ಎಂಬ ಸೇವಾ ಸಂಖ್ಯೆಗಳಿವೆ. ಈ ಪಟ್ಟಿಯಲ್ಲಿ ‘ಕ್ರೈಸ್ತ’ ಎಂಬ ವಿಶೇಷಣಕ್ಕೆ ಪ್ರತ್ಯೇಕ ಸಂಖ್ಯೆಯಿಲ್ಲ. ಆ ಅವಧಿಯಲ್ಲಿ ಚಿಕಿತ್ಸಕರು ರೋಗಿಯ ಕೋರಿಕೆಯಂತೆ ಪ್ರಾರ್ಥನೆ ಮಾಡಿದರೂ ಬಿಲ್ಲಾಗುವುದು ಮನೋಚಿಕಿತ್ಸೆಯೇ ಹೊರತು ಪ್ರಾರ್ಥನೆಯಲ್ಲ.

ರೋಗದ ಸಂಕೇತದ ವಿಷಯ ಇನ್ನೂ ಸ್ವಾರಸ್ಯಕರವಾಗಿದೆ. ಅಮೆರಿಕದ ಮನೋವೈದ್ಯರ ಸಂಘವು 1994ರಲ್ಲಿ ಪ್ರಕಟಿಸಿದ ರೋಗನಿರ್ಣಯ ಕೈಪಿಡಿಯ ನಾಲ್ಕನೆಯ ಆವೃತ್ತಿಯಲ್ಲಿ ‘ಧಾರ್ಮಿಕ ಅಥವಾ ಆಧ್ಯಾತ್ಮಿಕ ಸಮಸ್ಯೆ’ ಎಂಬ ಶೀರ್ಷಿಕೆಗೆ ಸ್ಥಾನ ದೊರೆಯಿತು. ನಂಬಿಕೆ ಕಳೆದುಕೊಂಡವರ, ಮತಾಂತರದಿಂದ ತೊಳಲಾಡುವವರ ಸಂಕಟವನ್ನು ವೈದ್ಯಲೋಕ ಹೀಗೆ ಗುರುತಿಸಿತು. ಆದರೆ ಅದನ್ನು ರೋಗವೆಂದು ಪರಿಗಣಿಸದೆ, ವೈದ್ಯರು ಗಮನ ಹರಿಸಬಹುದಾದ ಸ್ಥಿತಿಗಳ ಪಟ್ಟಿಯಲ್ಲಿ ಸೇರಿಸಲಾಯಿತು. ದಾಂಪತ್ಯದ ಕಲಹಕ್ಕೂ ಇದೇ ಬಗೆಯ ಸ್ಥಾನವಿದೆ. ಈ ಸಂಕೇತಗಳಷ್ಟೇ ಇರುವ ಕ್ಲೇಮುಗಳಿಗೆ ವಿಮಾ ಕಂಪನಿಗಳು ಸಾಮಾನ್ಯವಾಗಿ ಹಣ ನೀಡುವುದಿಲ್ಲ. ಖಿನ್ನತೆ, ಆತಂಕ ಮುಂತಾದ ರೋಗನಿರ್ಣಯವಿದ್ದರೆ ಪರಿಸ್ಥಿತಿ ಬೇರೆ. ಹೀಗಾಗಿ ಚರ್ಚಿನ ಬಳಿ ಬರುವ ಬಹುಪಾಲು ಜನರ ಕಷ್ಟಗಳು, ಅಂದರೆ ಸಂಸಾರದ ಬಿರುಕು, ಮಕ್ಕಳ ಹಾದಿ, ಪಾಪಪ್ರಜ್ಞೆ ಮುಂತಾದವು ವಿಮೆಯ ಚೌಕಟ್ಟಿನ ಹೊರಗೇ ಉಳಿಯುತ್ತವೆ.

ಕಾನೂನು ನಡೆದು ಬಂದ ದಾರಿ

ಪರವಾನಗಿ ಹೊಂದಿದ ಸಮಾಲೋಚಕರಿಗೂ ಹಿಂದೆ ವಿಮೆಯ ಹಣ ಸುಲಭವಾಗಿ ದೊರೆಯುತ್ತಿರಲಿಲ್ಲ. ದೇಹದ ಕಾಯಿಲೆಗೆ ಒಂದು ಮಿತಿ, ಮನಸ್ಸಿನ ಕಾಯಿಲೆಗೆ ಅದಕ್ಕಿಂತ ಬಹಳ ಕಡಿಮೆ ಮಿತಿ ವಿಧಿಸುವುದು ರೂಢಿಯಾಗಿತ್ತು. 1996ರ ಕಾಯಿದೆಯು ವಾರ್ಷಿಕ ಮತ್ತು ಜೀವಮಾನದ ಹಣದ ಮಿತಿಗಳಲ್ಲಿನ ತಾರತಮ್ಯವನ್ನು ತಡೆಯಿತಾದರೂ, ಭೇಟಿಗಳ ಸಂಖ್ಯೆಗೆ ಮಿತಿ ಹಾಕುವ ಅವಕಾಶವನ್ನು ಉಳಿಸಿತು. ಸೆನೆಟರುಗಳಾದ ಪಾಲ್ ವೆಲ್‌ಸ್ಟೋನ್ ಮತ್ತು ಪೀಟ್ ಡೊಮೆನಿಚಿ ಅವರ ಹೆಸರಿನ ಸಮಾನತಾ ಕಾಯಿದೆಗೆ 2008ರ ಅಕ್ಟೋಬರ್ 3ರಂದು ಅಧ್ಯಕ್ಷ ಜಾರ್ಜ್ ಡಬ್ಲ್ಯೂ. ಬುಷ್ ಸಹಿ ಹಾಕಿದರು. 50ಕ್ಕಿಂತ ಹೆಚ್ಚು ನೌಕರರಿರುವ ಸಂಸ್ಥೆಗಳ ವಿಮೆಯಲ್ಲಿ ಮಾನಸಿಕ ಚಿಕಿತ್ಸೆಯನ್ನು ಸೇರಿಸಿದ್ದೇ ಆದರೆ, ಅದರ ಷರತ್ತುಗಳು ದೈಹಿಕ ಚಿಕಿತ್ಸೆಯ ಷರತ್ತುಗಳಿಗಿಂತ ಬಿಗಿಯಾಗಿರಕೂಡದು ಎಂದು ಈ ಕಾಯಿದೆ ವಿಧಿಸಿತು. ಆದರೆ ಸೇರಿಸಲೇಬೇಕೆಂದು ಅದು ಹೇಳಲಿಲ್ಲ.

ಈ ಕೊರತೆಯನ್ನು ಸಣ್ಣ ಸಂಸ್ಥೆಗಳ ಮಟ್ಟಿಗೆ ತುಂಬಿದ್ದು 2010ರ ಆರೋಗ್ಯ ಸುಧಾರಣಾ ಕಾಯಿದೆ. 2014ರಿಂದ ವ್ಯಕ್ತಿಗಳಿಗೂ ಸಣ್ಣ ಉದ್ಯೋಗದಾತರಿಗೂ ಮಾರುವ ಹೊಸ ಪಾಲಿಸಿಗಳಲ್ಲಿ ಮಾನಸಿಕ ಆರೋಗ್ಯ ಮತ್ತು ವ್ಯಸನಮುಕ್ತಿ ಚಿಕಿತ್ಸೆಗಳು ಅತ್ಯಗತ್ಯ ಸೌಲಭ್ಯಗಳ ಪಟ್ಟಿಗೆ ಸೇರಿದವು. 50 ಪೂರ್ಣಾವಧಿ ನೌಕರರಿಗಿಂತ ಕಡಿಮೆ ಇರುವ ಮಾಲೀಕರು ವಿಮೆ ನೀಡಲೇಬೇಕೆಂಬ ನಿಯಮವಿಲ್ಲ. ಆದರೆ ನೀಡಲು ಮುಂದಾಗಿ ಸಣ್ಣ ಗುಂಪಿನ ಮಾರುಕಟ್ಟೆಯಲ್ಲಿ ಪಾಲಿಸಿ ಕೊಂಡರೆ, ಈ ಸೌಲಭ್ಯ ಅದರೊಂದಿಗೇ ಬರುತ್ತದೆ.

ಹಿರಿಯ ನಾಗರಿಕರ ಸರ್ಕಾರಿ ವಿಮೆಯಾದ ಮೆಡಿಕೇರ್ ಇನ್ನೂ ನಿಧಾನವಾಗಿ ಹೆಜ್ಜೆ ಇಟ್ಟಿತು. ಪರವಾನಗಿ ಪಡೆದ ಮಾನಸಿಕ ಆರೋಗ್ಯ ಸಮಾಲೋಚಕರು ಹಾಗೂ ವಿವಾಹ ಮತ್ತು ಕುಟುಂಬ ಚಿಕಿತ್ಸಕರು ತಮ್ಮ ಹೆಸರಿನಲ್ಲಿ ಮೆಡಿಕೇರ್‌ಗೆ ಬಿಲ್ಲು ಕಳುಹಿಸಲು ಅವಕಾಶವಾದದ್ದು 2024ರ ಜನವರಿ 1ರಿಂದ. ಕ್ರೈಸ್ತ ಸಮಾಲೋಚನಾ ಕೇಂದ್ರಗಳಲ್ಲಿ ದುಡಿಯುವ ಅನೇಕ ವೃತ್ತಿಪರರು ಈ ಎರಡು ವರ್ಗಗಳಿಗೇ ಸೇರಿದವರಾದ್ದರಿಂದ, ವೃದ್ಧ ಭಕ್ತರಿಗೆ ಇದು ದೊಡ್ಡ ಅನುಕೂಲವಾಯಿತು.

ಖರ್ಚಿನ ಲೆಕ್ಕ

ಕಾನೂನು ಹಕ್ಕು ನೀಡಿದರೂ ಕೈಯಿಂದ ಎಷ್ಟು ಹೋಗುತ್ತದೆ ಎಂಬುದು ಪಾಲಿಸಿಯ ಒಳವಿವರಗಳನ್ನು ಅವಲಂಬಿಸಿದೆ. ಲೆಕ್ಕದ ಸಲುವಾಗಿ ಒಂದು ಭೇಟಿಯ ಶುಲ್ಕ 150 ಡಾಲರ್, ಭೇಟಿಗಳು 12 ಎಂದು ಭಾವಿಸಿದರೆ ಒಟ್ಟು ವೆಚ್ಚ 1,800 ಡಾಲರ್. ಸಮಾಲೋಚಕರು ಕಂಪನಿಯ ಜಾಲದಲ್ಲಿದ್ದು, ಪ್ರತಿ ಭೇಟಿಗೆ 30 ಡಾಲರ್ ಮಾತ್ರ ನೀಡಬೇಕಿದ್ದರೆ ರೋಗಿಯ ಪಾಲು 360 ಡಾಲರ್. ಅದೇ ಸಮಾಲೋಚಕರು ಜಾಲದ ಹೊರಗಿದ್ದು, ಮೊದಲ 2,000 ಡಾಲರ್ ವೆಚ್ಚವನ್ನು ಪಾಲಿಸಿದಾರರೇ ಭರಿಸಬೇಕೆಂಬ ಷರತ್ತಿದ್ದರೆ 1,800 ಡಾಲರ್ ಪೂರ್ತಿಯಾಗಿ ಅವರ ಜೇಬಿನಿಂದಲೇ ಹೋಗುತ್ತದೆ. ಪಾಲಿಸಿ ಇದ್ದೂ ಇಲ್ಲದಂತಾಗುತ್ತದೆ.

ತೆರಿಗೆಯ ವಿಷಯದಲ್ಲಿಯೂ ಇದೇ ಗೆರೆ ಎಳೆಯಲಾಗಿದೆ. ರೋಗವೆಂದು ಗುರುತಿಸಲಾದ ಮಾನಸಿಕ ತೊಂದರೆಯ ಚಿಕಿತ್ಸೆಯನ್ನು ಅಮೆರಿಕದ ತೆರಿಗೆ ಇಲಾಖೆ ವೈದ್ಯಕೀಯ ವೆಚ್ಚವೆಂದು ಒಪ್ಪುತ್ತದೆ. ವೈವಾಹಿಕ ಸಮಾಲೋಚನೆಯ ವೆಚ್ಚ ಹಾಗಲ್ಲ ಎಂದು 2023ರಲ್ಲಿ ಅದು ಸ್ಪಷ್ಟಪಡಿಸಿದೆ.

ಅನೇಕ ಕ್ರೈಸ್ತ ಕುಟುಂಬಗಳು ವಿಮೆಯ ಬದಲು ಆಯ್ದುಕೊಳ್ಳುವ ಇನ್ನೊಂದು ವ್ಯವಸ್ಥೆಯನ್ನು ಇಲ್ಲಿ ಹೇಳಬೇಕು. ಒಂದೇ ನಂಬಿಕೆಯ ಜನರು ತಿಂಗಳ ವಂತಿಗೆ ಹಾಕಿ ಪರಸ್ಪರರ ಆಸ್ಪತ್ರೆಯ ವೆಚ್ಚವನ್ನು ಹಂಚಿಕೊಳ್ಳುವ ಸಂಘಗಳು 1980ರ ದಶಕದಿಂದಲೂ ಅಲ್ಲಿವೆ. 1999ರ ಡಿಸೆಂಬರ್ 31ರಿಂದ ನಿರಂತರವಾಗಿ ನಡೆದು ಬಂದ ಇಂತಹ ಸಂಘಗಳ ಸದಸ್ಯರಿಗೆ 2010ರ ಕಾಯಿದೆಯು ಕಡ್ಡಾಯ ವಿಮೆಯಿಂದ ವಿನಾಯಿತಿ ನೀಡಿತ್ತು. ಇವುಗಳ ವಂತಿಗೆ ವಿಮಾ ಕಂತಿಗಿಂತ ಸಾಮಾನ್ಯವಾಗಿ ಕಡಿಮೆ. ಆದರೆ ಇವು ವಿಮೆಯಲ್ಲ. ಹಣ ಪಾವತಿಯ ಕಾನೂನುಬದ್ಧ ಖಾತರಿಯಿಲ್ಲ, ಮಾನಸಿಕ ಚಿಕಿತ್ಸೆಯ ಸಮಾನತೆಯ ನಿಯಮಗಳೂ ಇವುಗಳಿಗೆ ಅನ್ವಯಿಸುವುದಿಲ್ಲ. ಧರ್ಮದ ಹೆಸರಿನಲ್ಲಿಯೇ ಕಟ್ಟಿದ ವ್ಯವಸ್ಥೆಯಲ್ಲಿ ಧರ್ಮಾಧಾರಿತ ಸಮಾಲೋಚನೆಗೆ ಹಣ ದೊರೆಯುವ ಭರವಸೆ ಇಲ್ಲದಿರುವುದು ಗಮನಾರ್ಹ.

ಹಣಕ್ಕಿಂತ ದೊಡ್ಡ ಪ್ರಶ್ನೆ

ಪರವಾನಗಿಯ ಪ್ರಶ್ನೆ ಕೇವಲ ಹಣದ್ದಲ್ಲ ಎಂಬುದಕ್ಕೆ ಕ್ಯಾಲಿಫೋರ್ನಿಯಾದ ಒಂದು ಮೊಕದ್ದಮೆ ಸಾಕ್ಷಿ. 1979ರಲ್ಲಿ 24 ವರ್ಷದ ಯುವಕನೊಬ್ಬ ಆತ್ಮಹತ್ಯೆ ಮಾಡಿಕೊಂಡನು. ಆತ ಗ್ರೇಸ್ ಕಮ್ಯುನಿಟಿ ಚರ್ಚಿನ ಪಾಸ್ಟರುಗಳಿಂದ ಸಲಹೆ ಪಡೆಯುತ್ತಿದ್ದನು. ಕೆಲವೇ ವಾರಗಳ ಹಿಂದೆ ಮಾತ್ರೆಗಳನ್ನು ಅತಿಯಾಗಿ ನುಂಗಿ ಆಸ್ಪತ್ರೆಗೆ ಸೇರಿದ್ದನು. ಚರ್ಚಿನ ಸಲಹೆಗಾರರು ತಮ್ಮ ಮಗನನ್ನು ಮನೋವೈದ್ಯರ ಬಳಿಗೆ ಕಳುಹಿಸುವ ಹೊಣೆ ನಿರ್ವಹಿಸಲಿಲ್ಲವೆಂದು ತಂದೆತಾಯಿ ದಾವೆ ಹೂಡಿದರು. ಪರವಾನಗಿಯಿಲ್ಲದ ಧಾರ್ಮಿಕ ಸಲಹೆಗಾರರ ಮೇಲೆ ಅಂತಹ ಕಾನೂನುಬದ್ಧ ಹೊಣೆಯನ್ನು ಹೊರಿಸಲಾಗದೆಂದು 1988ರಲ್ಲಿ ಕ್ಯಾಲಿಫೋರ್ನಿಯಾದ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು. ಶಾಸಕಾಂಗವೇ ಧರ್ಮಗುರುಗಳನ್ನು ಪರವಾನಗಿಯ ನಿಯಮದಿಂದ ಹೊರಗಿಟ್ಟಿರುವುದನ್ನೂ ನ್ಯಾಯಾಲಯ ಎತ್ತಿ ತೋರಿಸಿತು.

ಈ ತೀರ್ಪಿನ ಒಳಹುರುಳನ್ನು ವ್ಯವಹಾರಸ್ಥರು ಬೇಗ ಗ್ರಹಿಸಬಲ್ಲರು. ಪರವಾನಗಿ ಎಂಬುದು ಎರಡು ಅಲಗಿನ ಕತ್ತಿ. ಅದರಿಂದ ವಿನಾಯಿತಿ ಪಡೆದ ಧರ್ಮಗುರುವಿಗೆ ಸ್ವಾತಂತ್ರ್ಯವಿದೆ, ಸರ್ಕಾರದ ಕೈ ಅವನ ಸಲಹೆಯೊಳಗೆ ಚಾಚುವುದಿಲ್ಲ. ಆದರೆ ಅದೇ ವಿನಾಯಿತಿಯ ಕಾರಣ ಅವನ ಸೇವೆಗೆ ವಿಮೆಯ ಹಣವೂ ಇಲ್ಲ, ತಪ್ಪಾದಾಗ ವೃತ್ತಿಪರನಿಗಿರುವ ಉತ್ತರದಾಯಿತ್ವವೂ ಇಲ್ಲ. ಪರವಾನಗಿ ಪಡೆದವನಿಗೆ ಹಣವೂ ಉಂಟು, ಹೊಣೆಯೂ ಉಂಟು.

ವಿಮೆಯ ದಾರಿಗೂ ಒಂದು ಬೆಲೆಯಿದೆ. ಕ್ಲೇಮು ಮಾಡಿದೊಡನೆ ರೋಗನಿರ್ಣಯವು ದಾಖಲೆಗೆ ಸೇರುತ್ತದೆ. 2014ಕ್ಕೆ ಮೊದಲು ಹಳೆಯ ರೋಗದ ದಾಖಲೆಯ ಆಧಾರದ ಮೇಲೆ ಖಾಸಗಿಯಾಗಿ ಪಾಲಿಸಿ ಕೊಳ್ಳುವವರನ್ನು ತಿರಸ್ಕರಿಸಲು ಅನೇಕ ರಾಜ್ಯಗಳಲ್ಲಿ ಅವಕಾಶವಿತ್ತು. ಆ ಭಯ ನಿವಾರಣೆಯಾದ ಮೇಲೂ ಗೋಪ್ಯತೆಯ ಸಲುವಾಗಿ ತಮ್ಮ ಹಣದಿಂದಲೇ ಶುಲ್ಕ ನೀಡುವವರಿದ್ದಾರೆ. ಸಣ್ಣ ಸಂಸ್ಥೆಯಲ್ಲಿ ಎಲ್ಲರಿಗೂ ಎಲ್ಲರ ಪರಿಚಯವಿರುವುದರಿಂದ ಈ ಅಳುಕು ಹೆಚ್ಚು.

ಭಾರತದಲ್ಲಿ ಪರಿಸ್ಥಿತಿ

ಇದೇ ಮಾನದಂಡದಿಂದ ನಮ್ಮ ದೇಶದ ಕಾನೂನನ್ನು ನೋಡಿದರೆ ಅಕ್ಷರದಲ್ಲಿ ನಾವು ಹಿಂದುಳಿದಿಲ್ಲ. 2018ರ ಮೇ 29ರಂದು ಜಾರಿಗೆ ಬಂದ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ, 2017ರ 21(4)ನೆಯ ಕಲಮು, ದೈಹಿಕ ಕಾಯಿಲೆಗೆ ಇರುವ ನೆಲೆಯಲ್ಲಿಯೇ ಮಾನಸಿಕ ಕಾಯಿಲೆಯ ಚಿಕಿತ್ಸೆಗೂ ವಿಮೆ ಒದಗಿಸಬೇಕೆಂದು ಎಲ್ಲ ವಿಮಾ ಕಂಪನಿಗಳಿಗೆ ವಿಧಿಸುತ್ತದೆ. ವಿಮಾ ನಿಯಂತ್ರಣ ಪ್ರಾಧಿಕಾರವು 2018ರ ಆಗಸ್ಟ್‌ನಲ್ಲಿ ಈ ಕುರಿತು ಸುತ್ತೋಲೆ ಹೊರಡಿಸಿತು. 2022ರ ಅಕ್ಟೋಬರ್‌ನಲ್ಲಿ ಮತ್ತೊಮ್ಮೆ ಸೂಚನೆ ನೀಡಿ, ಅದೇ ತಿಂಗಳ 31ರೊಳಗೆ ಎಲ್ಲ ಪಾಲಿಸಿಗಳೂ ಇದಕ್ಕೆ ಹೊಂದಿಕೊಳ್ಳಬೇಕೆಂದು ಆದೇಶಿಸಿತು.

ಆದರೆ ನಮ್ಮ ಆರೋಗ್ಯ ಪಾಲಿಸಿಗಳು ಪ್ರಧಾನವಾಗಿ ಒಳರೋಗಿಯ ಚಿಕಿತ್ಸೆಗೆ ರೂಪಿತವಾದವು. ಆಪ್ತಸಮಾಲೋಚನೆ ನಡೆಯುವುದು ಹೊರರೋಗಿ ವಿಭಾಗದಲ್ಲಿ. ಹೊರರೋಗಿ ಸೌಲಭ್ಯವನ್ನು ಪ್ರತ್ಯೇಕವಾಗಿ ಸೇರಿಸಿಕೊಳ್ಳದಿದ್ದರೆ, ವಾರಕ್ಕೊಮ್ಮೆ ಹೋಗಿಬರುವ ಸಮಾಲೋಚನೆಯ ಶುಲ್ಕ ಸಾಮಾನ್ಯವಾಗಿ ದೊರೆಯುವುದಿಲ್ಲ. ಹೀಗೆ ಅಮೆರಿಕದಲ್ಲಿ ಪರವಾನಗಿಯ ಬಳಿ ನಿಲ್ಲುವ ಕ್ಲೇಮು, ಇಲ್ಲಿ ಅದಕ್ಕೂ ಮೊದಲೇ ಆಸ್ಪತ್ರೆಯ ಹಾಸಿಗೆಯ ಬಳಿ ನಿಲ್ಲುತ್ತದೆ.

ಸಮಾಲೋಚಕರ ಅರ್ಹತೆಯ ವಿಷಯದಲ್ಲಿಯೂ ಎಚ್ಚರ ಅಗತ್ಯ. ಮನೋವೈದ್ಯರು ವೈದ್ಯಕೀಯ ಪದವೀಧರರು. ಚಿಕಿತ್ಸಾ ಮನಶ್ಶಾಸ್ತ್ರಜ್ಞರು ಭಾರತೀಯ ಪುನರ್ವಸತಿ ಮಂಡಲಿಯಲ್ಲಿ ನೋಂದಾಯಿತರು. ಉಳಿದ ಅನೇಕ ಬಗೆಯ ಸಮಾಲೋಚಕರನ್ನು 2021ರ ಸಹವರ್ತಿ ಆರೋಗ್ಯ ವೃತ್ತಿಗಳ ಕಾಯಿದೆಯ ವ್ಯಾಪ್ತಿಗೆ ತರಲಾಗಿದೆ. ಬಾಗಿಲ ಮೇಲೆ ‘ಆಪ್ತಸಮಾಲೋಚಕ’ ಎಂಬ ಫಲಕವಿದ್ದ ಮಾತ್ರಕ್ಕೆ ಇವುಗಳಲ್ಲಿ ಯಾವ ಅರ್ಹತೆಯೂ ಸಿದ್ಧವಾಗುವುದಿಲ್ಲ.

ಸಂಸ್ಥೆಯ ಧರ್ಮ ಇಲ್ಲಿಯೂ ಅಡ್ಡಿಯಲ್ಲ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜು ಆಸ್ಪತ್ರೆ, 1880ರಷ್ಟು ಹಿಂದೆ ಮಂಗಳೂರಿನ ಕಂಕನಾಡಿಯಲ್ಲಿ ಆರಂಭವಾದ ಫಾದರ್ ಮುಲ್ಲರ್ ಸಂಸ್ಥೆ, ಇವೆರಡೂ ಕ್ರೈಸ್ತ ಸಂಸ್ಥೆಗಳೇ. ಎರಡರಲ್ಲಿಯೂ ಮನೋವೈದ್ಯ ವಿಭಾಗಗಳಿವೆ. ಇಂತಹ ಆಸ್ಪತ್ರೆಯಲ್ಲಿ ದಾಖಲಾದ ರೋಗಿಯ ಕ್ಲೇಮನ್ನು ನಿರ್ಧರಿಸುವುದು ವೈದ್ಯರ ಅರ್ಹತೆ, ರೋಗನಿರ್ಣಯ ಹಾಗೂ ಪಾಲಿಸಿಯ ಷರತ್ತುಗಳೇ ಹೊರತು ಗೋಡೆಯ ಮೇಲಿನ ಶಿಲುಬೆಯಲ್ಲ.

ಉದ್ಯಮಿಗಳು ಗಮನಿಸಬೇಕಾದ ಅಂಶಗಳು

ನಿಮ್ಹಾನ್ಸ್ ಸಂಸ್ಥೆಯು 2015-16ರಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಶೇಕಡ 10.6ರಷ್ಟು ಮಂದಿ ಯಾವುದಾದರೊಂದು ಮಾನಸಿಕ ತೊಂದರೆಯಿಂದ ಬಳಲುತ್ತಿದ್ದರು. ಇಪ್ಪತ್ತು ಮಂದಿಯ ಘಟಕಕ್ಕೆ ಈ ಪ್ರಮಾಣವನ್ನು ಅನ್ವಯಿಸಿದರೆ ಇಬ್ಬರಾಗುತ್ತಾರೆ. ಆದುದರಿಂದ ಸಮೂಹ ವಿಮೆ ಕೊಳ್ಳುವ ಅಥವಾ ನವೀಕರಿಸುವ ಸದಸ್ಯರು ಕೆಳಗಿನ ಅಂಶಗಳನ್ನು ಏಜೆಂಟರಿಂದ ಲಿಖಿತವಾಗಿ ತಿಳಿದುಕೊಳ್ಳುವುದು ಒಳಿತು.

1. ಮಾನಸಿಕ ಕಾಯಿಲೆಯ ಚಿಕಿತ್ಸೆಗೆ ಪೂರ್ಣ ವಿಮಾ ಮೊತ್ತ ಅನ್ವಯಿಸುವುದೇ, ಅಥವಾ ಒಳಮಿತಿ ಇದೆಯೇ?

2. ಹೊರರೋಗಿ ಸೌಲಭ್ಯ ಇದೆಯೇ? ಇದ್ದರೆ ಅದರಲ್ಲಿ ಆಪ್ತಸಮಾಲೋಚನೆ ಸೇರಿದೆಯೇ? ವರ್ಷಕ್ಕೆ ಎಷ್ಟು ಭೇಟಿ, ಎಷ್ಟು ಮೊತ್ತ?

3. ಯಾವ ಅರ್ಹತೆಯುಳ್ಳವರ ಬಿಲ್ಲನ್ನು ಕಂಪನಿ ಒಪ್ಪುತ್ತದೆ? ಮನೋವೈದ್ಯರು ಮಾತ್ರವೇ, ನೋಂದಾಯಿತ ಮನಶ್ಶಾಸ್ತ್ರಜ್ಞರೂ ಸಲ್ಲುವರೇ?

4. ಆಸ್ಪತ್ರೆಗೆ ಸೇರುವ ಮೊದಲಿನ ಹಾಗೂ ಬಿಡುಗಡೆಯ ನಂತರದ ಎಷ್ಟು ದಿನಗಳ ವೆಚ್ಚ ದೊರೆಯುತ್ತದೆ? ಬಿಡುಗಡೆಯ ನಂತರದ ಸಮಾಲೋಚನೆಯ ಬಿಲ್ಲುಗಳು ಈ ಅವಧಿಯಲ್ಲಿ ಸಲ್ಲಬಹುದು.

5. ಕ್ಲೇಮಿನ ರೋಗವಿವರ ಮಾಲೀಕರ ಅಥವಾ ಸಹೋದ್ಯೋಗಿಗಳ ಕಣ್ಣಿಗೆ ಬೀಳದಂತೆ ಯಾವ ವ್ಯವಸ್ಥೆಯಿದೆ?

ವಿಮೆ ತಲುಪದೆಡೆ ಬೇರೆ ದಾರಿಗಳಿವೆ. 2022ರ ಅಕ್ಟೋಬರ್ 10ರಂದು ಆರಂಭವಾದ ಸರ್ಕಾರದ ‘ಟೆಲಿ ಮಾನಸ್’ ಸಹಾಯವಾಣಿಗೆ ನಿಮ್ಹಾನ್ಸ್ ಸಂಸ್ಥೆಯೇ ಕೇಂದ್ರಸ್ಥಾನ. 14416 ಸಂಖ್ಯೆಗೆ ಕರೆ ಮಾಡಿದರೆ ಶುಲ್ಕವಿಲ್ಲದೆ, ಕನ್ನಡದಲ್ಲಿಯೇ ಸಲಹೆ ದೊರೆಯುತ್ತದೆ. ಈ ಸಂಖ್ಯೆಯನ್ನು ಕಾರ್ಖಾನೆಯ ಸೂಚನಾ ಫಲಕದಲ್ಲಿ ಬರೆಯಲು ಯಾವ ವೆಚ್ಚವೂ ಇಲ್ಲ. ಸಂಸ್ಥೆಯ ವೆಚ್ಚದಲ್ಲಿ ವರ್ಷಕ್ಕೆ ಕೆಲವು ಭೇಟಿಗಳನ್ನು ಅರ್ಹ ಸಮಾಲೋಚಕರೊಂದಿಗೆ ಗೊತ್ತುಪಡಿಸುವುದು ಇನ್ನೊಂದು ಕ್ರಮ. ಒಂದೊಂದಾಗಿ ಸಣ್ಣ ಘಟಕಗಳಿಗೆ ಇದು ಭಾರವಾದರೆ, ಒಂದೇ ಕೈಗಾರಿಕಾ ಪ್ರದೇಶದ ಹಲವು ಘಟಕಗಳು ಸೇರಿ ಹಂಚಿಕೊಳ್ಳಬಹುದು.

ಉಪಸಂಹಾರ

ಸಂಕಟದಲ್ಲಿರುವ ನೌಕರನು ಚರ್ಚಿಗೋ ಮಠಕ್ಕೋ ಮಸೀದಿಗೋ ಹೋಗುವುದನ್ನು ತಡೆಯುವುದು ಮಾಲೀಕನ ಕೆಲಸವಲ್ಲ. ಧರ್ಮದ ಹಿರಿಯರು ನೀಡುವ ಧೈರ್ಯವನ್ನು ಯಾವ ಪಾಲಿಸಿಯೂ ನೀಡಲಾರದು. ಆದರೆ ನಿದ್ರೆ, ಊಟ, ಕೆಲಸ ಎಲ್ಲವೂ ಕೆಟ್ಟು ಬದುಕಿನ ಆಸೆಯೇ ಕುಂದಿದಾಗ ಅರ್ಹ ಚಿಕಿತ್ಸಕರು ಬೇಕೇ ಬೇಕು. ಆಗ ‘ಅಲ್ಲಿಗೂ ಒಮ್ಮೆ ಹೋಗಿ ಬಾ, ಖರ್ಚಿನ ಚಿಂತೆ ಬೇಡ’ ಎಂದು ಮಾಲೀಕನು ಹೇಳುವಂತಿರಬೇಕು. ಆ ಮಾತನ್ನು ಧೈರ್ಯವಾಗಿ ಹೇಳಬೇಕಾದರೆ ಪಾಲಿಸಿಯ ಪತ್ರವನ್ನು ಮುಂಚಿತವಾಗಿ ಓದಿರಬೇಕು. ಮುಂದಿನ ನವೀಕರಣದ ದಿನಾಂಕವೇ ಅದಕ್ಕೆ ತಕ್ಕ ಸಮಯ.